ಎಂತದರ ಡಾಕ್ಟ್ರು?

ಕಾಸರಗೋಡು ಪೇಟೆಯ ಕ್ಲಿನಿಕ್ಕೊಂದರ ಮೆಟ್ಟಿಲ ಬುಡದಲ್ಲಿ ಅಜ್ಜಿಯೊಬ್ಬರು ನಿಂತಿದ್ದಾರೆ. ಮೊಣಕಾಲು ಬಾತಿದೆ. ಗೋಡೆಯ ಬೋರ್ಡಿನಲ್ಲಿ ಇಂಗ್ಲಿಷ್ ಇದೆ, ಮಲಯಾಳ ಇದೆ, ಕನ್ನಡ ಇಲ್ಲ. “ಇವರು ಎಂತದರ ಡಾಕ್ಟ್ರು ಮಗಾ?” ಜೊತೆಗೆ ಬಂದ ಮೊಮ್ಮಗ ಅಕ್ಷರ ಕೂಡಿಸಿ ಓದುತ್ತಾನೆ: “ಅಸ್ಥಿರೋಗ ವಿದಗ್ಧನ್.”

ಅಜ್ಜಿಯ ಮುಖ ಸಣ್ಣದಾಗುತ್ತದೆ. ಅವರ ಕನ್ನಡದಲ್ಲಿ ಅಸ್ಥಿ ಎಂದರೆ ಚಿತೆಯಿಂದ ಆಯ್ದು ತಂದು ನೀರಿಗೆ ಬಿಡುವಂಥದ್ದು. “ಎಲುಬಿನ ಡಾಕ್ಟ್ರು ಅಜ್ಜಿ” ಎಂದು ಹುಡುಗ ಹೇಳಿದ ಮೇಲೆಯೇ ಅವರು ಮೆಟ್ಟಿಲು ಹತ್ತುವುದು. ನೆರೆಮನೆಯ ಮಲಯಾಳಿ ಹೆಂಗಸರೂ ಹಾಗೆಯೇ ಅನ್ನುತ್ತಾರೆ: “ಎಲ್ಲಿಂಡೆ ಡಾಕ್ಟರ್.” ಎಲುಬಿಗೆ ಎಲ್ಲ್, ಕಣ್ಣಿಗೆ ಕಣ್ಣ್, ಕಿವಿಗೆ ಚೆವಿ. ಆಡುಮಾತಿನಲ್ಲಿ ಎರಡೂ ಭಾಷೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತವೆ. ಎಲ್ಲರಿಗೂ ಸೇರಿದ್ದು ಎಂದುಕೊಂಡ ಸಂಸ್ಕೃತ ಬೋರ್ಡಿಗೆ ಏರಿದಾಗಲೇ ತೊಡಕು.

ವಿದಗ್ಧ ಎಂದರೆ ಮೂಲದಲ್ಲಿ ಸುಟ್ಟದ್ದು, ಬೆಂದದ್ದು. ಆಯುರ್ವೇದದಲ್ಲಿ ಹುಳಿತೇಗು ಬರುವ ಅಜೀರ್ಣಕ್ಕೆ ವಿದಗ್ಧಾಜೀರ್ಣ ಎಂದೇ ಹೆಸರು. ಕನ್ನಡ ಆ ಬೇಯುವಿಕೆಯಿಂದ ಪಕ್ವತೆಯನ್ನು ಆರಿಸಿಕೊಂಡಿತು. ಮಾತಿನ ಮರ್ಮ ಬಲ್ಲ ರಸಿಕ ಇಲ್ಲಿ ವಿದಗ್ಧ. ತಾಳಮದ್ದಳೆಯ ಒಳ್ಳೆಯ ಅರ್ಥಧಾರಿಗೆ ಒಪ್ಪುವ ಮಾತು ಅದು. ಮಲಯಾಳದಲ್ಲಿ ಅದೇ ಪದ ಪರಿಣತನಿಗೆ ಮೀಸಲಾಯಿತು. ನಮ್ಮಲ್ಲಿ ಆ ಜಾಗದಲ್ಲಿ ಕೂತದ್ದು ತಜ್ಞ, ಅಂದರೆ ‘ಅದನ್ನು ಬಲ್ಲವ’. ಸೊಲ್ಲಾಪುರದ ಕನ್ನಡಿಗನಿಗೆ ಈ ಕಷ್ಟವಿಲ್ಲ, ಮರಾಠಿಯೂ ತಜ್ಜ್ಞ ಎಂದು ಒಂದು ಜಕಾರ ಹೆಚ್ಚಿಗೆ ಬರೆದು ಅದನ್ನೇ ಬಳಸುತ್ತದೆ. ಆಂಧ್ರದ ಆದೋನಿಯಲ್ಲಿ ತಜ್ಞ ವೈದ್ಯರು ‘ನಿಪುಣುಲು’. ನಾವು ನಿಪುಣೆ ಎನ್ನುವುದು ಹೋಳಿಗೆ ಹರಿಯದಂತೆ ಲಟ್ಟಿಸುವ ಅತ್ತೆಯನ್ನು.

ಕಾಸರಗೋಡಿನ ಮನೆಗಳಲ್ಲಿ ತಜ್ಞನೂ ಇಲ್ಲ, ವಿದಗ್ಧನೂ ಇಲ್ಲ. ಇರುವುದು ‘ದೊಡ್ಡ ಡಾಕ್ಟ್ರು’. “ದೊಡ್ಡ ಡಾಕ್ಟ್ರಿಗೆ ತೋರಿಸಬೇಕಂತೆ” ಎಂದರೆ ಮಂಗಳೂರಿಗೆ ಹೊರಡಬೇಕು ಎಂದೇ ಲೆಕ್ಕ; ದಾರಿ ಸುಮಾರು 50 ಕಿಲೋಮೀಟರ್. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿದರೂ ರೋಗಿಗಳ ದಾರಿ ಬದಲಾಗಲಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆಂಬುಲೆನ್ಸುಗಳೂ ನಿಂತವು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ದೊಡ್ಡ ಡಾಕ್ಟ್ರು ಎಂಬ ಎರಡು ಪದಗಳ ತೂಕ ಎಷ್ಟೆಂದು ಆ ದಿನಗಳಲ್ಲಿ ಮನೆಮನೆಗೂ ಗೊತ್ತಾಯಿತು.

ಮಲಯಾಳದಿಂದ ಕನ್ನಡ ಕಲಿಯಬಹುದಾದ ಒಂದು ಔದಾರ್ಯವಿದೆ. ಅಲ್ಲಿ ನುರಿತ ಕಾರ್ಮಿಕನೂ ‘ವಿದಗ್ಧ ತೊಳಿಲಾಳಿ’. ಹೃದಯ ಕೊಯ್ಯುವವರಿಗೂ ಕಲ್ಲು ಕಟ್ಟುವವರಿಗೂ ಒಂದೇ ಗೌರವದ ಪದ. ನಾವು ಕಾರ್ಮಿಕನಿಗೆ ‘ಕುಶಲ’ ಕೊಟ್ಟು, ‘ತಜ್ಞ’ವನ್ನು ಪದವಿ ಪಡೆದವರಿಗೆ ಎತ್ತಿಟ್ಟಿದ್ದೇವೆ.

ಬಾಯಾರು, ಪಡ್ರೆಯ ಕಡೆ ಗುಡ್ಡದ ಒಡಲಿಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವವರನ್ನು ನೋಡಬೇಕು. ಮುರಕಲ್ಲಿನಲ್ಲಿ ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಕೈಯಲ್ಲಿ ಪಿಕ್ಕಾಸು, ಪಕ್ಕದಲ್ಲಿ ಮೇಣದಬತ್ತಿ. ಬತ್ತಿ ಕುಗ್ಗಿತೋ, ಒಳಗೆ ಗಾಳಿ ಸಾಲದು, ಹೊರಗೆ ಬರಬೇಕು. ಗುಡ್ಡದ ಮೇಲಿನ ಗಿಡಮರ, ಮಣ್ಣಿನ ತೇವ ನೋಡಿ ಎಲ್ಲಿ ಕೊರೆಯಬೇಕೆಂದು ಅವರು ಹೇಳುತ್ತಾರೆ. ನೀರು ಸಿಕ್ಕಿದರೆ ಪಂಪು ಬೇಡ, ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ‘ಅದನ್ನು ಬಲ್ಲವ’ ಎಂಬ ಅರ್ಥಕ್ಕೆ ಇವರಿಗಿಂತ ತಕ್ಕವರು ಯಾರು? ಆದರೂ ಊರು ಅವರನ್ನು ‘ಸುರಂಗದ ಕೆಲಸದವರು’ ಎಂದಷ್ಟೇ ಕರೆಯುತ್ತದೆ.

ಯಕ್ಷಗಾನ ಮಾತ್ರ ಈ ವಿಷಯದಲ್ಲಿ ಜಿಪುಣತನ ತೋರಲಿಲ್ಲ. ತೆಂಕುತಿಟ್ಟಿನ ರಾಕ್ಷಸ ಪಾತ್ರಗಳಲ್ಲಿ, ಅಂದರೆ ಬಣ್ಣದ ವೇಷಗಳಲ್ಲಿ, ಪಳಗಿದ ಕಲಾವಿದನನ್ನು ಜನ ‘ಬಣ್ಣದ ಮಹಾಲಿಂಗ’ ಎಂದೇ ಕರೆದರು. ಪರಿಣತಿಯೇ ಹೆಸರಿನ ಮೊದಲ ಪದವಾಯಿತು.

ಕ್ಲಿನಿಕ್ಕಿನ ಒಳಗೆ ಡಾಕ್ಟರು “ಮುಟ್ಟುವೇದನ ಎತ್ರ ನಾಳಾಯಿ?” ಎನ್ನುತ್ತಾರೆ. ಬೆಂಗಳೂರಿನಿಂದ ಬಂದ ಕನ್ನಡತಿಯಾದರೆ ಬೆಚ್ಚುತ್ತಿದ್ದಳು. ಅಜ್ಜಿಗೆ ಗೊತ್ತು, ಮಲಯಾಳದ ಮುಟ್ಟು ಎಂದರೆ ಮೊಣಕಾಲು. ಮೊಮ್ಮಗ ಬಾಯಿ ತೆರೆಯುವ ಮೊದಲೇ ಸೀರೆ ಚೂರು ಸರಿಸಿ, ಬಾತ ಜಾಗದ ಮೇಲೆ ಕೈಯಿಟ್ಟು, “ಮೂನ್ನು ಮಾಸಮಾಯಿ ಡಾಕ್ಟರೇ” ಎನ್ನುತ್ತಾರೆ.