ವೈಶಾಖದ ವಿಜಯಪುರ

ಶಾಲಾಮಾಸ್ತರನಿಗೆ ಪ್ರವಾಸದ ಋತುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ತಂಪಿನ ದಿನಗಳೆಲ್ಲ ಶಾಲೆಗೆ ಮೀಸಲು; ಬಿಡುವು ದೊರೆಯುವುದು ಸೂರ್ಯನು ನೆತ್ತಿಯ ಮೇಲೆ ಬಂದು ಕುಳಿತಾಗ. ಡಿಸೆಂಬರಿನ ಶೈಕ್ಷಣಿಕ ಪ್ರವಾಸಗಳಲ್ಲಿ ನಾನು ಹಲವು ಸಲ ವಿಜಯಪುರಕ್ಕೆ ಹೋದದ್ದುಂಟು. ಆದರೆ ಅಲ್ಲಿ ನಾನು ಎಣಿಸಿದ್ದು ಮಕ್ಕಳ ತಲೆಗಳನ್ನೇ ಹೊರತು ಗುಮ್ಮಟದ ಅಂತಸ್ತುಗಳನ್ನಲ್ಲ. ಆದ್ದರಿಂದ ಕಳೆದ ಮೇ ತಿಂಗಳಲ್ಲಿ, ನೆರೆಯವರು ಬೇಡವೆಂದರೂ, ಆ ಊರನ್ನು ಒಮ್ಮೆಯೂ ಕಾಣದ ನನ್ನ ಪತ್ನಿಯೊಡನೆ ಗಡಹಿಂಗ್ಲಜದಿಂದ ಹೊರಟೆನು.

ಹಿರಣ್ಯಕೇಶಿಯ ದಂಡೆಯವರಾದ ನಮಗೆ ಕಬ್ಬಿನ ಹಸಿರು ಕಣ್ಣಿಗೆ ರೂಢಿ. ಸಂಕೇಶ್ವರ, ಚಿಕ್ಕೋಡಿಗಳನ್ನು ಹಿಂದಿಕ್ಕಿ, ಕೃಷ್ಣೆಯನ್ನು ದಾಟಿ, ಅಥಣಿಯ ಆಚೆಗೆ ಸಾಗಿದಂತೆ ಆ ಹಸಿರು ಕರಗುತ್ತ ಬಂದಿತು. ಬಿರುಕುಬಿಟ್ಟ ಎರೆಹೊಲಗಳು ಆಕಾಶದ ಅಂಚಿನವರೆಗೂ ಚಾಚಿಕೊಂಡಿದ್ದವು. ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುವ ಒಂದು ಕುಟುಂಬವಿತ್ತು. ಮನೆಯ ಹಿರಿಯ ಹೆಣ್ಣುಮಗಳು, "ಇಂಥ ಬಿಸಿಲಾಗ ಏನ್ ನೋಡಾಕ ಹೊಂಟೀರಿ ಸರ?" ಎಂದು ನಕ್ಕಳು. "ನೀವೂ ಹೊಂಟೀರಲ್ಲ, ತಾಯಿ?" ಎಂದೆನು. "ನಮಗದು ಬಿಸಿಲಿನ ಊರಲ್ರಿ, ತವರೂರು" ಎಂದಳು. ಉತ್ತರ ಕೊಡಲು ನನಗೆ ಮಾತು ತೋಚಲಿಲ್ಲ.

ಮರುದಿನ ಮುಂಜಾನೆ ಬಾಗಿಲು ತೆರೆಯುತ್ತಲೇ ಗೋಳಗುಮ್ಮಟವನ್ನು ಹೊಕ್ಕೆವು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಿದು. ಒಳಗೆ ಒಂದೂ ಕಂಬವಿಲ್ಲದೆ, ಒಂದನ್ನೊಂದು ಛೇದಿಸುವ ಕಮಾನುಗಳ ಮೇಲೆ, ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟ ನಿಂತಿದೆ. ಸುಮಾರು 3 ಮೀಟರ್ ದಪ್ಪದ ಗೋಡೆಗಳೊಳಗೆ ಹಿಂದಿನ ರಾತ್ರಿಯ ತಂಪು ಇನ್ನೂ ಉಳಿದಿತ್ತು. ಮೂಲೆಯ ಗೋಪುರದ ಮೆಟ್ಟಿಲುಗಳನ್ನು ನಿಧಾನವಾಗಿ ಏರಿ ಪಿಸುಗುಟ್ಟುವ ಮೊಗಸಾಲೆಯನ್ನು ತಲುಪಿದೆವು. ಅಲ್ಲಿ ನಮ್ಮಿಬ್ಬರ ಹೊರತು ಮೂರನೆಯವರಿರಲಿಲ್ಲ.

ಡಿಸೆಂಬರಿನಲ್ಲಿ ಇಲ್ಲಿ ನಾನು ಕೇಳಿದ್ದು ಬರಿಯ ಗದ್ದಲ. ಈಗ ಎದುರು ಬದಿಯಲ್ಲಿ ನಿಂತ ಪತ್ನಿ ಗೋಡೆಗೆ ಮುಖವಿಟ್ಟು ಮೆಲ್ಲಗೆ ಏನೋ ನುಡಿದಳು. ಬಾಗಿದ ಗೋಡೆಯ ಗುಂಟ ಹರಿದುಬಂದ ಆ ದನಿ ನನ್ನ ಕಿವಿಯ ಬಳಿಯೇ ಆಡಿದಂತೆ ಕೇಳಿಸಿತು. ಅದು ನನ್ನ ಹೆಸರು! ಮದುವೆಯಲ್ಲಿ ಹಿರಿಯರ ಒತ್ತಾಯಕ್ಕೆ ಒಡಪು ಕಟ್ಟಿ ಹೇಳಿದ್ದ ಹೆಸರನ್ನು ಆಕೆ ಆ ಬಳಿಕ ಉಚ್ಚರಿಸಿದ್ದು ಅಂದೇ. ನಾನು ಹಿಂದಿರುಗಿ ಕೇಳಿದಾಗ, "ಗುಮ್ಮಟ ಅಂದಿರಬೇಕು, ನಾನಲ್ಲ" ಎಂದು ಸೆರಗು ಸರಿಪಡಿಸಿಕೊಂಡಳು.

ಹತ್ತು ಗಂಟೆಯ ಹೊತ್ತಿಗೆ ಬೀದಿಗಳು ಕಾದ ಹೆಂಚಿನಂತಾದವು. ಬೇಸಗೆಯಲ್ಲಿ ಇಲ್ಲಿಯ ತಾಪಮಾನ 40 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ತಾಜ್ ಬಾವಡಿಯ ಬೆಲೆ ಅರಿವಾದದ್ದು ಆಗಲೇ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1620ರಲ್ಲಿ ಕಟ್ಟಿದ ಈ ಬಾವಿಗೆ ಭವ್ಯವಾದ ಕಮಾನಿನ ಬಾಗಿಲು, ಇಕ್ಕೆಲಗಳಲ್ಲಿ ದಾರಿಹೋಕರು ತಂಗುವ ಕೋಣೆಗಳು. 1651ರ ಬೇಗಂ ತಲಾಬಿನಿಂದ ಊರಿನೊಳಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ನೀರಿನ ಒತ್ತಡ ತಗ್ಗಲೆಂದು, ಹೂಳು ತಳಕ್ಕಿಳಿಯಲೆಂದು ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದ್ದರು. ಚಳಿಗಾಲದ ಪ್ರವಾಸಿಗನ ಕಣ್ಣಿಗೆ ಇವು ಹಳೆಯ ಕಲ್ಲುಗಳು. ನೀರಡಿಸಿದವನಿಗೆ ಇವೇ ಆ ಅರಸರ ನಿಜವಾದ ಸ್ಮಾರಕಗಳು.

ಸಂಜೆ ನಾಲ್ಕೂವರೆಗೆ ಮಲಿಕ್-ಎ-ಮೈದಾನ್ ತೋಪಿನ ಬಳಿಗೆ ಹೋದೆವು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪಿದು. ಎಂತಹ ಬಿಸಿಲಿನಲ್ಲಿಯೂ ಇದು ತಣ್ಣಗಿರುತ್ತದೆಂದು ಪ್ರತೀತಿ. ನಾನೂ ಮಕ್ಕಳಿಗೆ ವರ್ಷವರ್ಷವೂ ಹಾಗೆಯೇ ಹೇಳಿದ್ದೆನು. ಬಿಸಿಲು ಬಿದ್ದ ಬದಿಗೆ ಬೆರಳು ತಾಗಿಸಿದವನು ಚುರ್ರೆಂದು ಹಿಂತೆಗೆದೆನು. ಚಳಿಗಾಲದಲ್ಲಿ ಮುಟ್ಟಿ ನೋಡಿ ನಂಬಿದ್ದ ಮಾತು ಬೇಸಗೆಯ ಪರೀಕ್ಷೆಯಲ್ಲಿ ನಪಾಸಾಯಿತು.

ಬಿಸಿಲಿನಲ್ಲಿ ಹೋಗಬಯಸುವ ವಾಚಕರಿಗೆ ಎರಡು ಮಾತು. ಮುಂಜಾನೆ ಹತ್ತರೊಳಗೆ, ಸಂಜೆ ನಾಲ್ಕರ ಬಳಿಕ ತಿರುಗಾಡಿರಿ, ನಡುಹಗಲು ನೆರಳಿನಲ್ಲಿರಿ. ತಲೆಗೆ ಬಿಳಿಯ ವಸ್ತ್ರ, ಕೈಯಲ್ಲಿ ನೀರು, ಊಟದಲ್ಲಿ ಮಜ್ಜಿಗೆ ಇರಲಿ. ಎಳೆಯ ಮಕ್ಕಳನ್ನೂ ವೃದ್ಧರನ್ನೂ ಬಿಸಿಲೇರಿದ ಮೇಲೆ ಮೆಟ್ಟಿಲು ಹತ್ತಿಸಬೇಡಿರಿ.

ಜೂನಿನಲ್ಲಿ ಶಾಲೆ ತೆರೆದ ಮೇಲೆ ತೋಪಿನ ಪಾಠದ ತಪ್ಪನ್ನು ಮಕ್ಕಳೆದುರು ಒಪ್ಪಿಕೊಂಡೆನು. "ಸರ, ಹಂಗಾದ್ರ ನಾವೂ ಬ್ಯಾಸಿಗ್ಯಾಗ ಹೋಗೂಣು" ಎಂದನೊಬ್ಬ ಹುಡುಗ. ಅವನ ತಂದೆತಾಯಿಗಳು ಒಪ್ಪಿದರೆ ನನ್ನ ಅಭ್ಯಂತರವಿಲ್ಲ.