ಸೀರಣಿಗೆ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಆಯ್ದುಕೊಂಡ ವಿಷಯವನ್ನು ತಿಳಿಸಿದಾಗ ಅವರು ಕ್ಷಣಕಾಲ ಮೌನವಾದರು. ಗುರುಸ್ಮರಣೆ, ವಿದ್ಯಾದಾನ, ಸಂಸ್ಥೆ ನಡೆದುಬಂದ ದಾರಿ ಮೊದಲಾದ ಗಂಭೀರ ಬರಹಗಳ ನಡುವೆ ಹೇನಿಗೆ ಸ್ಥಾನವುಂಟೆ ಎಂಬ ಸಂದೇಹ ಅವರಿಗೆ ಬಂದುದು ಸಹಜವೇ ಸರಿ. ಆದರೆ ಈ ಸಂಚಿಕೆಯ ವಾಚಕರಲ್ಲಿ ಅಧ್ಯಾಪಕರಿದ್ದಾರೆ, ಪ್ರಸಾದನಿಲಯದಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳಿದ್ದಾರೆ, ಪರರ ಮಕ್ಕಳ ಕ್ಷೇಮಕ್ಕೆಂದು ಕೈಬಿಚ್ಚಿ ಕೊಟ್ಟ ದಾನಿಗಳಿದ್ದಾರೆ. ಬಾಲ್ಯದಲ್ಲಿ ಒಮ್ಮೆಯಾದರೂ ತಾಯಿಯ ಮೊಣಕಾಲುಗಳ ನಡುವೆ ತಲೆ ತಗ್ಗಿಸಿ ಕುಳಿತು ಹೇನು ತೆಗೆಸಿಕೊಳ್ಳದವರು ಇವರಲ್ಲಿ ಎಷ್ಟು ಮಂದಿ? ಹಾಗಿದ್ದೂ ಈ ಮಾತನ್ನು ನಾಲ್ಕು ಜನರ ಮುಂದೆ ಎತ್ತಲು ನಾವು ನಾಚುತ್ತೇವೆ. ಹೇನಿಗಿಂತ ಹೆಚ್ಚಾಗಿ ಈ ನಾಚಿಕೆಯನ್ನು ಕುರಿತೇ ನಾನು ಬರೆಯಬೇಕೆಂದಿರುವುದು.

ನಮ್ಮ ಶಾಲೆಯ ಪ್ರಾಥಮಿಕ ವಿಭಾಗದಲ್ಲಿ 28 ವರ್ಷ ಪಾಠ ಹೇಳಿ 2008ರಲ್ಲಿ ನಿವೃತ್ತಳಾದ ಮೇಲೆ ನಾನು ಮಗನ ಸಂಸಾರದೊಡನೆ ಬೆಂಗಳೂರಿನ ಜಯನಗರಕ್ಕೆ ಬಂದು ನೆಲಸಿದೆ. 1948ರಲ್ಲಿ ರಾಜಾಜಿಯವರು ಅಡಿಗಲ್ಲು ಹಾಕಿದ ಈ ಬಡಾವಣೆ ಒಂದು ಕಾಲಕ್ಕೆ ಅಜ್ಜ, ಅಜ್ಜಿ, ಸೊಸೆ, ಮೊಮ್ಮಕ್ಕಳಿಂದ ತುಂಬಿದ ಮನೆಗಳ ಊರಾಗಿತ್ತಂತೆ. ನಾನು ಬರುವ ವೇಳೆಗೆ ಅಜ್ಜ ಅಜ್ಜಿಯರು ದೂರದ ಊರುಗಳಲ್ಲಿ ಉಳಿದಿದ್ದರು. ಗಂಡ ಹೆಂಡಿರಿಬ್ಬರೂ ಬೆಳಗ್ಗೆ ಎಂಟಕ್ಕೆಲ್ಲ ಕೆಲಸಕ್ಕೆ ಹೊರಡುತ್ತಿದ್ದರು. ಎದುರು ಮನೆಯ ಮಗುವೊಂದನ್ನು ಮಧ್ಯಾಹ್ನ ನೋಡಿಕೊಳ್ಳಲು ಒಪ್ಪಿದ್ದೇ ನಮ್ಮ ಶಿಶುವಿಹಾರದ ಮೂಲ. ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳಿಂದಲೂ ಮಕ್ಕಳು ಬರತೊಡಗಿ, ಕೆಲವೇ ವರ್ಷಗಳಲ್ಲಿ ಸಂಖ್ಯೆ 14ಕ್ಕೆ ಏರಿತು. ಚಿಕ್ಕವರು ಇಡೀ ದಿನ ಇರುತ್ತಿದ್ದರು, ದೊಡ್ಡವರು ಶಾಲೆ ಬಿಟ್ಟೊಡನೆ ಬರುತ್ತಿದ್ದರು. ಮುಂಭಾಗದ ಕೋಣೆಯಲ್ಲಿ ಚಾಪೆಗಳು, ಹಿತ್ತಲಲ್ಲಿ ಒಂದು ಸೀಬೆಯ ಮರ, ಒಂದು ಒಗೆಯುವ ಕಲ್ಲು. ಇಷ್ಟೇ ನಮ್ಮ ಸಂಸ್ಥೆಯ ಸ್ಥಿರಾಸ್ತಿ.

50 ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಶಿಶುಪಾಲನಾ ಗೃಹದ ಸೌಕರ್ಯವನ್ನು ಒದಗಿಸತಕ್ಕದ್ದೆಂದು 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ತಿದ್ದುಪಡಿಯಾಯಿತು. ಒಳ್ಳೆಯ ಕಾಯಿದೆ. ಆದರೆ ಮೂರು ಮನೆಗಳಲ್ಲಿ ಕಸ ಗುಡಿಸಿ ಪಾತ್ರೆ ತೊಳೆಯುವ ತಾಯಿಗೆ ಸಂಸ್ಥೆ ಯಾವುದು, ನೌಕರರ ಸಂಖ್ಯೆ ಎಷ್ಟು? 2018ರ ಜುಲೈ ತಿಂಗಳ ಮೊದಲ ವಾರದಲ್ಲಿ ಅಂಥ ಒಬ್ಬ ತಾಯಿ ತನ್ನ ಐದು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಕೊಳ್ಳೇಗಾಲದ ಕಡೆಯವಳು, ಸಾರಕ್ಕಿಯ ಸಮೀಪ ಒಂದು ಕೋಣೆಯಲ್ಲಿ ವಾಸ. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಹಾಸಿಗೆ ಹಿಡಿದಿದ್ದರು. ಶುಲ್ಕದ ಮಾತನ್ನು ನಾನು ಎತ್ತಲಿಲ್ಲ. ಆ ಮಗುವಿಗೆ ದಟ್ಟವಾದ ಕೂದಲು. ತಾಯಿ ದಿನವೂ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು ಕನಕಾಂಬರ ಮುಡಿಸಿ ಕಳುಹಿಸುತ್ತಿದ್ದಳು. ಉಳಿದ ಹುಡುಗಿಯರು ಆ ಜಡೆಗಳನ್ನು ಹಿಡಿದು ಕುದುರೆಯಾಟ ಆಡುತ್ತಿದ್ದರು.

ಮೂರನೆಯ ವಾರ ಮುಗಿಯುವ ಹೊತ್ತಿಗೆ ಒಂದು ಸಂಜೆ ಬೇರೊಂದು ಮಗುವಿನ ಕೊರಳಪಟ್ಟಿಯ ಮೇಲೆ ಹೇನು ಹರಿಯುವುದನ್ನು ಅದರ ತಾಯಿ ಕಂಡರು. ಮಾರನೆಯ ಬೆಳಗಾಗುವಷ್ಟರಲ್ಲಿ ಪಾಲಕರ ವಾಟ್ಸ್ಯಾಪ್ ಬಳಗದಲ್ಲಿ ವಿಚಾರಣೆ ನಡೆದು, ಸಾಕ್ಷಿಯಿಲ್ಲದೆಯೇ ತೀರ್ಪೂ ಹೊರಬಿದ್ದಿತ್ತು. ಯಾರೂ ಹೆಸರನ್ನು ಬರೆದಿರಲಿಲ್ಲ. 'ಇತ್ತೀಚೆಗೆ ಸೇರಿದವರು' ಎಂದು ಬರೆದಿದ್ದರು. ಇತ್ತೀಚೆಗೆ ಸೇರಿದವಳು ಒಬ್ಬಳೇ.

ಅಂದು ಶನಿವಾರ. ನಾನೂ ನನ್ನ ಸೊಸೆಯೂ ಹಿತ್ತಲಿನ ಬಿಸಿಲಿನಲ್ಲಿ ಕುಳಿತು 14 ತಲೆಗಳನ್ನೂ ಒಂದೊಂದಾಗಿ ನೋಡಿದೆವು. ಮೊಮ್ಮಗನ ಭೂತಕನ್ನಡಿಯನ್ನು ಎರವಲು ಪಡೆದಿದ್ದೆವು. ಬಿಳಿಯ ಕಾಗದದ ಮೇಲೆ ಬಿದ್ದ ಹೇನೊಂದನ್ನು ಮಕ್ಕಳೆಲ್ಲ ಸರದಿಯ ಮೇಲೆ ನೋಡಿದರು. ಎಳ್ಳಿನಷ್ಟೇ ಗಾತ್ರ; ಆರು ಕಾಲುಗಳು; ಒಂದೊಂದರ ತುದಿಯಲ್ಲೂ ಕೂದಲೆಳೆಯನ್ನು ಅಪ್ಪಿ ಹಿಡಿಯಲೆಂದೇ ಮಾಡಿದಂಥ ಕೊಕ್ಕೆ. ಅದಕ್ಕೆ ರೆಕ್ಕೆಯಿಲ್ಲ, ನೆಗೆಯುವ ಶಕ್ತಿಯಿಲ್ಲ. ತಲೆಗೆ ತಲೆ ತಾಗಿದಾಗ ಒಂದು ಕೂದಲಿನಿಂದ ಇನ್ನೊಂದಕ್ಕೆ ನಡೆದುಹೋಗುವುದಷ್ಟೇ ಅದು ಬಲ್ಲ ಪ್ರಯಾಣ. ನೆತ್ತಿಯಿಂದ ಕೆಳಗೆ ಬಿದ್ದರೆ ರಕ್ತವಿಲ್ಲದೆ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಇದನ್ನೆಲ್ಲ ನಾನು ವಿವರಿಸುತ್ತಿರುವಾಗ ನಾಲ್ಕು ವರ್ಷದ ಹುಡುಗನೊಬ್ಬ, 'ಇದರ ಅಮ್ಮ ಯಾರ ತಲೆಯಲ್ಲಿದ್ದಾಳೆ?' ಎಂದು ಕೇಳಿದ. ದೊಡ್ಡವರು ಕೇಳುತ್ತಿದ್ದುದೂ ಅದನ್ನೇ. ಅವನ ದನಿಯಲ್ಲಿ ಮಾತ್ರ ಕುತೂಹಲವಲ್ಲದೆ ಬೇರೇನೂ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹೇಳಬಲ್ಲದ್ದು ಸೀರು. ಹೆಣ್ಣು ಹೇನು ತನ್ನ ಮೊಟ್ಟೆಯನ್ನು ನೆತ್ತಿಯ ಚರ್ಮಕ್ಕೆ ತೀರ ಹತ್ತಿರದಲ್ಲಿ, ಕೂದಲಿನ ಬುಡಕ್ಕೆ ಒಂದು ಬಗೆಯ ಅಂಟಿನಿಂದ ಅಂಟಿಸುತ್ತದೆ. ಒಂದು ವಾರದಿಂದ ಹತ್ತು ದಿನಗಳೊಳಗೆ ಮರಿ ಹೊರಬರುತ್ತದೆ. ಆದರೆ ಬರಿದಾದ ಸೀರು ಕೂದಲನ್ನು ಬಿಡುವುದಿಲ್ಲ, ಕೂದಲು ಬೆಳೆದಂತೆ ತಾನೂ ದೂರ ಸರಿಯುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಸೀರು ನೆತ್ತಿಯಿಂದ ಎಷ್ಟು ದೂರದಲ್ಲಿದೆಯೆಂಬುದನ್ನು ಅಳೆದರೆ ಹೇನು ಬಂದು ಎಷ್ಟು ಕಾಲವಾಯಿತೆಂಬುದು ತಿಳಿಯುತ್ತದೆ. 14 ಮಕ್ಕಳಲ್ಲಿ 6 ಮಕ್ಕಳಿಗೆ ಹೇನಿದ್ದವು. ಕನಕಾಂಬರದ ಹುಡುಗಿಯ ತಲೆಯಲ್ಲಿ ಇದ್ದ ಸೀರುಗಳೆಲ್ಲವೂ ಬುಡಕ್ಕೆ ಉಗುರಿನಷ್ಟು ಹತ್ತಿರದಲ್ಲಿದ್ದವು. ಬೇರೊಂದು ಮಗುವಿನ ಕೂದಲಲ್ಲಿ, ತೀರ ಅನುಕೂಲವಂತರ ಮನೆಯ ಮಗು ಅದು, ಬರಿದಾದ ಸೀರುಗಳು ಒಂದು ಅಂಗುಲಕ್ಕೂ ಮಿಗಿಲಾದ ದೂರದವರೆಗೆ ಹರಡಿದ್ದವು. ಎರಡು ತಿಂಗಳಿಗೆ ಕಡಮೆಯಿಲ್ಲದ ಲೆಕ್ಕ. ಸಾರಕ್ಕಿಯ ಮಗು ಹೇನನ್ನು ತಂದವಳಲ್ಲ. ನಮ್ಮಲ್ಲಿ ಬಂದು ಪಡೆದವಳು.

ಭಾನುವಾರ ಸಂಜೆ ಪಾಲಕರನ್ನು ಕರೆದೆ. ಹೇನಿರುವ ಮಕ್ಕಳ ಪಟ್ಟಿ ಬೇಕು, ಅವರನ್ನು ಗುಣವಾಗುವವರೆಗೆ ದೂರವಿಡಬೇಕು ಎಂದು ಒಬ್ಬ ತಂದೆ ಪಟ್ಟುಹಿಡಿದರು. ವಿದ್ಯಾವಂತರು, ಸಭ್ಯರು, ಆದರೆ ಅಂದು ಅವರ ಮಾತಿನಲ್ಲಿ ಇದ್ದುದು ಭಯ. ಈ ಭಯಕ್ಕೆ ಒಂದು ಇತಿಹಾಸವುಂಟು. 1909ರಲ್ಲಿ ಟ್ಯುನಿಸ್ ನಗರದಲ್ಲಿ ಷಾರ್ಲ್ ನಿಕೋಲ್ ಎಂಬ ಫ್ರೆಂಚ್ ವೈದ್ಯರು ಟೈಫಸ್ ಜ್ವರ ಹೇನಿನಿಂದ ಹರಡುತ್ತದೆಂದು ತೋರಿಸಿಕೊಟ್ಟರು. ರೋಗಿಗಳ ಬಟ್ಟೆ ಕಳಚಿ ಸ್ನಾನ ಮಾಡಿಸಿ ಒಳಗೆ ಸೇರಿಸಿಕೊಂಡ ಮೇಲೆ ಆಸ್ಪತ್ರೆಯೊಳಗೆ ಜ್ವರ ಯಾರಿಗೂ ಹರಡುತ್ತಿರಲಿಲ್ಲವೆಂಬುದನ್ನು ಅವರು ಗಮನಿಸಿದ್ದರು. 1928ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆದರೆ ಆ ರೋಗವನ್ನು ಹರಡುವುದು ಬಟ್ಟೆಯ ಮಡಿಕೆಗಳಲ್ಲಿ ವಾಸಿಸುವ ಮೈಹೇನು. ತಲೆಹೇನು ತುರಿಕೆಯನ್ನು ಕೊಡುತ್ತದೆ, ನಿದ್ರೆಯನ್ನು ಕೆಡಿಸುತ್ತದೆ, ಕೆರೆದಲ್ಲಿ ಹುಣ್ಣಾಗಬಹುದು; ಜ್ವರವನ್ನು ತರುವುದಿಲ್ಲ. ಹೇನು ಅಥವಾ ಸೀರಿನ ಕಾರಣಕ್ಕೆ ಆರೋಗ್ಯವಂತ ಮಗುವನ್ನು ಶಾಲೆಯಿಂದ ಹೊರಗಿಡಕೂಡದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳಿದೆ. ತೊಳೆದ ಕೂದಲು, ತೊಳೆಯದ ಕೂದಲು ಎಂಬ ಭೇದವೂ ಹೇನಿಗಿಲ್ಲ. ಇದನ್ನೆಲ್ಲ ನಾನು ಹೇಳಿದೆ.

'ಹಾಗಾದರೆ ಆ ಹುಡುಗಿ?' ಎಂದು ಅವರು ಮತ್ತೆ ಕೇಳಿದರು.

ಸೀರಿನ ಲೆಕ್ಕವನ್ನು ವಿವರಿಸಿ, ನಮ್ಮಲ್ಲಿರುವ ಅತ್ಯಂತ ಹಳೆಯ ಸೀರು ಆ ಹುಡುಗಿ ಬರುವುದಕ್ಕೆ ಒಂದು ತಿಂಗಳಿಗೂ ಮೊದಲೇ ಇಲ್ಲಿತ್ತೆಂದು ತಿಳಿಸಿದೆ. ಅದು ಯಾರ ತಲೆಯದೆಂದು ಹೇಳಲಿಲ್ಲ. ಹೇಳಿದ್ದರೆ ಆ ಕ್ಷಣಕ್ಕೆ ನನ್ನ ಮಾತಿಗೆ ಬಲ ಬರುತ್ತಿತ್ತು, ನಿಜ. ಆದರೆ ಒಂದು ಮಗುವಿನ ಮೇಲಿನ ಕಳಂಕವನ್ನು ತೆಗೆದು ಇನ್ನೊಂದು ಮಗುವಿನ ಮೇಲೆ ಇಟ್ಟಂತಾಗುತ್ತಿತ್ತು. ಆರು ಮನೆಗಳವರಿಗೆ ಪ್ರತ್ಯೇಕವಾಗಿ ತಿಳಿಸುತ್ತೇನೆ, ಚಿಕಿತ್ಸೆ ಮುಗಿಯುವವರೆಗೆ ಎಲ್ಲ ಮಕ್ಕಳ ತಲೆಯನ್ನೂ ಮೂರು ದಿನಕ್ಕೊಮ್ಮೆ ಇಲ್ಲಿಯೇ ಬಾಚುತ್ತೇವೆ, ಯಾರನ್ನೂ ಮನೆಗೆ ಕಳುಹಿಸುವುದಿಲ್ಲ ಎಂದೆ. ಆ ತಿಂಗಳ ಕೊನೆಗೆ ಎರಡು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರು.

ಸೋಮವಾರ ಬೆಳಗ್ಗೆ ಸಾರಕ್ಕಿಯ ಮಗು ತಲೆಗೆ ವಸ್ತ್ರ ಸುತ್ತಿಕೊಂಡು ಬಂದಿತು. ಕೆಲಸದ ಮನೆಯೊಂದರಲ್ಲಿ ಶನಿವಾರವೇ ಆ ತಾಯಿಯ ಕಿವಿಗೆ ಮಾತು ಬಿದ್ದಿತ್ತು. 'ಮಾದಪ್ಪನಿಗೆ ಹರಕೆಯಿತ್ತು ಅಮ್ಮಾ, ಮುಡಿ ಕೊಟ್ಟೆವು' ಎಂದಳು. ಮಲೆ ಮಹದೇಶ್ವರನಿಗೆ ಮುಡಿ ಕೊಡುವುದು ಆ ಸೀಮೆಯವರೆಲ್ಲರ ನಡವಳಿಕೆ. ಆದರೆ ಅದು ಕ್ಷೌರದ ಕತ್ತಿಯ ಕೆಲಸವಾಗಿರಲಿಲ್ಲ. ಮನೆಯ ಕತ್ತರಿ ಮೆಟ್ಟಿಲು ಮೆಟ್ಟಿಲಾಗಿ ಓಡಾಡಿದ ಗುರುತು ನೆತ್ತಿಯ ಮೇಲೆ ಸ್ಪಷ್ಟವಾಗಿತ್ತು. ಕಿವಿಯ ಹಿಂದೆ ಒಂದು ಕಡೆ ಚರ್ಮ ಸೀಳಿತ್ತು. ನಾನು ಏನನ್ನೂ ಕೇಳಲಿಲ್ಲ. 'ಒಳ್ಳೆಯದಾಯಿತು, ಪ್ರಸಾದ ತಂದೆಯಾ?' ಎಂದೆ. ಅವಳು ಮರುದಿನ ಒಂದು ಲಾಡನ್ನು ತಂದುಕೊಟ್ಟಳು. ಎಲ್ಲಿ ಕೊಂಡಳೋ ತಿಳಿಯದು. ಮಕ್ಕಳೆಲ್ಲರಿಗೂ ಹಂಚಿದೆವು.

ವೈದ್ಯದೃಷ್ಟಿಯಿಂದ ನೋಡಿದರೆ ಆ ತಾಯಿ ಮಾಡಿದುದು ಫಲಕಾರಿ ಉಪಾಯವೇ. ಕೂದಲಿಲ್ಲದ ಕಡೆ ಹೇನಿಗೆ ಬಾಳುವೆಯಿಲ್ಲ. ನಮ್ಮ ಪ್ರಸಾದನಿಲಯದಲ್ಲಿಯೂ ಇದೇ ಪದ್ಧತಿಯಿತ್ತೆಂಬುದನ್ನು ಹಳೆಯ ವಿದ್ಯಾರ್ಥಿಗಳು ಬಲ್ಲರು. ತಿಂಗಳಿಗೊಮ್ಮೆ ಕ್ಷೌರಿಕರು ಬಂದು ಬೇವಿನ ಮರದ ಕೆಳಗೆ ಕುಳಿತರೆ, ಗೌಡರ ಮಗ, ಕೂಲಿಯವರ ಮಗ ಎನ್ನದೆ ಸಾಲಾಗಿ ಎಲ್ಲರ ತಲೆಯೂ ಒಂದೇ ಅಳತೆಗೆ ಇಳಿಯುತ್ತಿತ್ತು. ಹುಡುಗರು ಒಬ್ಬರ ತಲೆಯನ್ನೊಬ್ಬರು ಸವರಿ ನಗುತ್ತಿದ್ದರು. ಅಲ್ಲಿ ಯಾರೂ ಅತ್ತುದನ್ನು ನಾನು ಕಾಣೆ. ಜಯನಗರದಲ್ಲಿ ಹದಿಮೂರು ತಲೆಗಳು ಹಾಗೆಯೇ ಇದ್ದು ಒಂದು ಮಾತ್ರ ಬೋಳಾಯಿತು. ಆ ಮಗು ಮಧ್ಯಾಹ್ನ ಮಲಗುವಾಗಲೂ ವಸ್ತ್ರವನ್ನು ಬಿಚ್ಚಗೊಡುತ್ತಿರಲಿಲ್ಲ. ನಿದ್ರೆಯಲ್ಲಿ ಕೈ ತಾನಾಗಿ ಭುಜದ ಮೇಲೆ ಜಡೆಯನ್ನು ಹುಡುಕುತ್ತಿತ್ತು.

ಇನ್ನು ಚಿಕಿತ್ಸೆಯ ವಿಷಯ. ಮಕ್ಕಳ ವೈದ್ಯರು ಶೇಕಡಾ 1ರ ಪರ್ಮೆತ್ರಿನ್ ದ್ರವವನ್ನು ಬರೆದುಕೊಟ್ಟರು. ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಮೊಟ್ಟೆಗಳೆಲ್ಲ ಅದರಿಂದ ಸಾಯುವುದಿಲ್ಲವಾದ್ದರಿಂದ ಒಂಬತ್ತು ಹತ್ತು ದಿನಗಳ ಬಳಿಕ ಮತ್ತೊಮ್ಮೆ ಹಚ್ಚಬೇಕು. ಎರಡನೆಯ ಸಲವನ್ನು ಮರೆಯುವುದರಿಂದಲೇ ಅನೇಕ ಮನೆಗಳಲ್ಲಿ ಹೇನು ಮರಳಿ ಬರುತ್ತದೆ. ಈ ಔಷಧಿಗೆ ಬಗ್ಗದ ಹೇನುಗಳು ಅನೇಕ ದೇಶಗಳಲ್ಲಿ ಕಂಡುಬಂದಿವೆ. ಆದುದರಿಂದ ನನ್ನ ನಂಬಿಕೆಯೆಲ್ಲ ಸೀರಣಿಗೆಯ ಮೇಲೆ. ಕೂದಲನ್ನು ಒದ್ದೆ ಮಾಡಿ, ಜಾರುವಂತೆ ಕಂಡಿಷನರನ್ನೋ ಎಣ್ಣೆಯನ್ನೋ ಸವರಿ, ಬುಡದಿಂದ ತುದಿಯವರೆಗೆ ಎಳೆಎಳೆಯಾಗಿ ಬಾಚಿ, ಪ್ರತಿ ಸಲವೂ ಬಿಳಿಯ ಬಟ್ಟೆಗೆ ಒರಸಬೇಕು. ಒಂದು ತಲೆಗೆ ಅರ್ಧ ಗಂಟೆ ಹಿಡಿಯುತ್ತದೆ. ಇಸ್ರೇಲಿನ ಲಾಕೀಷ್ ಎಂಬಲ್ಲಿ 2016ರಲ್ಲಿ ಸಿಕ್ಕಿದ, ಸುಮಾರು 3700 ವರ್ಷ ಹಳೆಯದೆನ್ನಲಾದ ದಂತದ ಬಾಚಣಿಗೆಯೊಂದರ ಮೇಲಿನ ಬರಹವನ್ನು 2022ರಲ್ಲಿ ಓದಿ ಪ್ರಕಟಿಸಿದರು. ತಲೆಗೂದಲಿನ ಮತ್ತು ಗಡ್ಡದ ಹೇನನ್ನು ಈ ದಂತ ನಿರ್ಮೂಲ ಮಾಡಲಿ ಎಂಬ ಹಾರೈಕೆಯಂತೆ ಅದು! ಕಾನಾನ್ ಲಿಪಿಯಲ್ಲಿ ದೊರೆತ ಮೊತ್ತಮೊದಲ ಪೂರ್ಣವಾಕ್ಯವೇ ಇದೆಂದು ತಿಳಿದಾಗ, ಅಕ್ಷರ ಕಲಿಸಿ ಬದುಕಿದ ನನಗೆ ಒಂದು ಬಗೆಯ ಸಂತೋಷವಾಯಿತು.

ಸೀಮೆಎಣ್ಣೆಯನ್ನು ಯಾರೂ ಮುಟ್ಟಬಾರದು. ಒಲೆಯ ಕಿಡಿಯೊಂದು ಸಾಕು. ಸೀತಾಫಲದ ಬೀಜದ ಪುಡಿ ಹೇನನ್ನು ಕೊಲ್ಲುವುದು ನಿಜವಾದರೂ ಕಣ್ಣಿಗೆ ಬಿದ್ದರೆ ಕರಿಗುಡ್ಡೆಗೆ ಗಾಯವಾಗುತ್ತದೆ. ಮನೆಯನ್ನೆಲ್ಲ ಔಷಧಿಯಿಂದ ತೊಯ್ಯಿಸುವುದೂ ವ್ಯರ್ಥ. ದಿಂಬಿನ ಚೀಲಗಳನ್ನೂ ಬಾಚಣಿಗೆಗಳನ್ನೂ ಬಿಸಿನೀರಿನಲ್ಲಿ ಅದ್ದಿದರೆ ಸಾಕು. ನಾವು ಮಾಡಿದ ಇನ್ನೊಂದು ಬದಲಾವಣೆಯೆಂದರೆ ಮಲಗುವ ಕ್ರಮ: ಒಬ್ಬರ ತಲೆಯ ಕಡೆಗೆ ಪಕ್ಕದವರ ಕಾಲು ಬರುವಂತೆ ಚಾಪೆಗಳನ್ನು ಹಾಸಿದೆವು. ಪಿಸುಮಾತಿಗೆ ಅಡ್ಡಿಯಾಯಿತೆಂದು ಮಕ್ಕಳು ಪ್ರತಿಭಟಿಸಿದರು. ಮೂರು ವಾರಗಳ ಬಳಿಕ ಒಂದು ಹೇನೂ ಸಿಗಲಿಲ್ಲ. ಎರಡು ವರ್ಷಕ್ಕೊಮ್ಮೆ ಮತ್ತೆ ಸಿಕ್ಕುವುದುಂಟು. ಮಕ್ಕಳಿರುವಲ್ಲಿ ಅದು ಇರತಕ್ಕದ್ದೇ.

ಮಾರ್ಚ್ 2020ರಲ್ಲಿ ಸಾಂಕ್ರಾಮಿಕದ ಕಾರಣ ಮುಚ್ಚಿದ ಶಿಶುವಿಹಾರವನ್ನು 2022ರಲ್ಲಿ ಸೊಸೆ ಮತ್ತೆ ತೆರೆದಿದ್ದಾಳೆ. ಸಾರಕ್ಕಿಯ ಹುಡುಗಿಯ ಕುಟುಂಬ ಅಷ್ಟರಲ್ಲಿ ಊರಿಗೆ ಮರಳಿತ್ತು. ಹೋಗುವ ಮುನ್ನ ಅವಳಿಗೆ ಕುತ್ತಿಗೆಯವರೆಗೆ ಕೂದಲು ಬಂದಿತ್ತು, ಜಡೆಗೆ ಇನ್ನೂ ಸಾಲದಾಗಿತ್ತು. ಹೊಸದಾಗಿ ಸೇರುವ ಪಾಲಕರಿಗೆ ಊಟದ ವೇಳೆ, ಶುಲ್ಕ, ಲಸಿಕೆಗಳ ವಿವರದೊಂದಿಗೆ ಹೇನಿನ ವಿಷಯದಲ್ಲಿ ನಮ್ಮ ನಿಯಮವನ್ನೂ ಮೊದಲ ದಿನವೇ ಬರೆದು ಕೊಡುತ್ತೇವೆ. ನಾಲ್ಕನೆಯ ಬ್ಲಾಕಿನ ಅಂಗಡಿಯಿಂದ ತಂದ ಉಕ್ಕಿನ ಸೀರಣಿಗೆಗಳು ಆರು ಇವೆ. ಬೇಕಾದವರಿಗೆ ಎರವಲು ಕೊಡುತ್ತೇವೆ. ಪಾಲಕರು ಬರುವುದು ಸಾಮಾನ್ಯವಾಗಿ ದೀಪ ಹಚ್ಚಿದ ಮೇಲೆ, ಉಳಿದವರೆಲ್ಲ ಮಕ್ಕಳನ್ನು ಕರೆದುಕೊಂಡು ಹೋದ ಬಳಿಕ. ಸೊಸೆ ಅದನ್ನು ಒಂದು ಕಾಗದದಲ್ಲಿ ಸುತ್ತಿ ಕೊಡುತ್ತಾಳೆ.