ನೀರು ತುಂಬುವ ಹಬ್ಬ

ನೀರಿನ ಹೆಸರನ್ನು ಹೊತ್ತ ಊರುಗಳಿಗೆ ಹಾಸನದ ಸೀಮೆಯಲ್ಲಿ ಕೊರತೆಯಿಲ್ಲ. ಅರಸೀಕೆರೆಯೆಂದರೆ ಅರಸಿಯ ಕೆರೆ; ಹಳೇಬೀಡಿನ ಹಿಂದಿನ ಹೆಸರು ದ್ವಾರಸಮುದ್ರ; ಬೇಲೂರಿನ ಮಗ್ಗುಲಲ್ಲಿ ಯಗಚಿ ಹರಿಯುತ್ತದೆ. ಹಳೇಬೀಡಿನ ಸಮೀಪದ ಹುಳಿಕೆರೆಯ ಮೆಟ್ಟಿಲುಗೊಳವನ್ನು ಕಂಡವರಿಗೆ, ಹೊಯ್ಸಳರ ಕಾಲದ ಜನರು ನೀರಿಗೆ ಎಂತಹ ಮರ್ಯಾದೆಯನ್ನು ಸಲ್ಲಿಸುತ್ತಿದ್ದರೆಂಬುದು ಹೇಳದೆಯೇ ತಿಳಿಯುತ್ತದೆ. ಆಗ ಮನುಷ್ಯನು ನೀರಿದ್ದಲ್ಲಿಗೆ ಇಳಿದು ಹೋಗುತ್ತಿದ್ದನು. ಈಗ ನೀರು ಮನುಷ್ಯನಿದ್ದಲ್ಲಿಗೆ ಬರುತ್ತದೆ. ಅನೇಕ ಮನೆಗಳಲ್ಲಿ ಕಾದೇ ಬರುತ್ತದೆ.

ಅರಸೀಕೆರೆಯಲ್ಲಿ ಮೂವತ್ತು ವರ್ಷ ಹೈಸ್ಕೂಲಿನ ಹುಡುಗರಿಗೆ ವಿಜ್ಞಾನವನ್ನು ಬೋಧಿಸಿ ವಿಶ್ರಾಂತರಾದ ಮೇಷ್ಟ್ರೊಬ್ಬರ ಮನೆಗೆ ಈ ಸೌಕರ್ಯವು ಬಂದು ಏಳೆಂಟು ವರ್ಷಗಳಾಗಿದ್ದುವು. ಅದಕ್ಕೆ ಮುಂಚೆ ಅವರ ಬಚ್ಚಲುಮನೆಯ ಒಲೆಯ ಮೇಲೆ ಒಂದು ತಾಮ್ರದ ಹಂಡೆಯಿದ್ದಿತು. ತೆಂಗಿನ ಸೀಮೆಯಾದುದರಿಂದ ಗರಿ, ಮಟ್ಟೆ, ಕರಟಗಳಿಗೆ ಬರವಿರಲಿಲ್ಲ. ಗೋಡೆಯ ಮೇಲೆ 15 ಲೀಟರಿನ ಬಿಳಿಯ ಗೀಸರು ಏರಿದ ಮೇಲೆ ಒಲೆ ಆರಿತು. ಹಂಡೆಯನ್ನು ಮಾರಿಬಿಡುವ ಮಾತು ಬಂದಾಗ ಮನೆಯಾಕೆ ಮಾತ್ರ ಒಪ್ಪಲಿಲ್ಲ. “ನೀರು ತುಂಬುವ ಹಬ್ಬದ ದಿವಸ ಅರಿಶಿನ ಕುಂಕುಮ ಯಾವುದಕ್ಕೆ ಹಚ್ಚಲಿ? ಆ ಡಬ್ಬಕ್ಕೆಯೇ?” ಎಂದು ಅವರು ಕೇಳಿದ್ದರು. ಹಂಡೆ ಉಳಿಯಿತು.

ಹಂಡೆಗೆ ಒಂದು ಗುಣವುಂಟು. ಅದರ ಕೇಡು ಕಣ್ಣಿಗೆ ಕಾಣುತ್ತದೆ. ಸೋರಿದರೆ ಒಲೆ ಚುಂಯ್ ಎನ್ನುತ್ತದೆ. ಸೌದೆ ಹಸಿಯಾದರೆ ಹೊಗೆ ಮನೆಯನ್ನೆಲ್ಲ ತುಂಬುತ್ತದೆ. ವಿದ್ಯುತ್ತಿನ ಸೋರಿಕೆಗೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ಈ ಶಕ್ತಿಯು 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ಬೀದಿಯಲ್ಲಿ ಎತ್ತರದ ಕಂಬದ ಮೇಲಿದ್ದಾಗ ಅದರ ಸಂಗಡ ಮನುಷ್ಯನಿಗೆ ಸಲಿಗೆಯಿರಲಿಲ್ಲ. ಒದ್ದೆ ಮೈಯವನು ಬರಿಗಾಲಲ್ಲಿ ನಿಲ್ಲುವ ಬಚ್ಚಲನ್ನು ಅದು ಹೊಕ್ಕ ಮೇಲೆ ಸಲಿಗೆ ಬೆಳೆಯಿತು, ಭಯ ಕಡಿಮೆಯಾಯಿತು.

ಒಂದು ವರ್ಷ ದೀಪಾವಳಿಗೆ ಎರಡು ತಿಂಗಳು ಇರುವಾಗ ಮೇಷ್ಟ್ರ ಗೀಸರು ಒಂದು ಚಾಳಿಯನ್ನು ಹಿಡಿಯಿತು. ಅದನ್ನು ಹಾಕಿದ ಆರೇಳು ನಿಮಿಷಕ್ಕೆ ಮನೆಯ ದೀಪಗಳೆಲ್ಲ ಆರುತ್ತಿದ್ದುವು. ನಡುಮನೆಯ ಪೆಟ್ಟಿಗೆಯಲ್ಲಿದ್ದ ಆರ್‌ಸಿಸಿಬಿ ಎಂಬ ಸ್ವಿಚ್ಚು ಕೆಳಗೆ ಬೀಳುತ್ತಿದ್ದಿತು. ಮೇಷ್ಟ್ರು ಅದನ್ನು ಎತ್ತುವರು, ಅದು ಮತ್ತೆ ಬೀಳುವುದು. ಒಂದು ದಿನ ತಲೆಗೆ ಸೋಪು ಹಚ್ಚಿಕೊಂಡಿದ್ದಾಗಲೇ ಕತ್ತಲೆಯಾಯಿತು. ಮಾರನೆಯ ದಿನ ಬೀದಿಯ ಕೊನೆಯ ಮನೆಯ ಹುಡುಗನೊಬ್ಬನು ಬಂದು, “ಗೀಸರಿಗೇನೂ ಆಗಿಲ್ಲ ಸಾರ್, ಸ್ವಿಚ್ಚೇ ಕೆಟ್ಟಿದೆ. ಅದನ್ನು ಬಿಟ್ಟು ನೇರವಾಗಿ ಕೊಟ್ಟುಬಿಡೋಣ” ಎಂದನು. ನೀರು ಚೆನ್ನಾಗಿಯೇ ಕಾಯುತ್ತಿದ್ದುದರಿಂದ ಮೇಷ್ಟ್ರಿಗೂ ಅದು ಸರಿಯೆಂದು ತೋರಿತು. ಹುಡುಗನು ಎರಡು ತಂತಿಗಳನ್ನು ಸ್ವಿಚ್ಚಿನಿಂದ ಕಳಚಿ ಒಂದಕ್ಕೊಂದು ಜೋಡಿಸಿದನು. ದೀಪಗಳು ಆರುವುದು ನಿಂತುಹೋಯಿತು.

ನರಕ ಚತುರ್ದಶಿಯ ಹಿಂದಿನ ಸಂಜೆ ಮಗ, ಸೊಸೆ ಮತ್ತು ನಾಲ್ಕು ವರ್ಷದ ಮೊಮ್ಮಗ ಬೆಂಗಳೂರಿನಿಂದ ರೈಲಿನಲ್ಲಿ ಬಂದಿಳಿದರು. ಪ್ರಯಾಣದ ಕೊಳೆ ತೊಳೆದುಕೊಳ್ಳಲೆಂದು ಗೀಸರನ್ನು ಹಾಕಲಾಗಿದ್ದಿತು. ಮನೆಯಾಕೆ ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಬಚ್ಚಲಿನಲ್ಲಿ ರಂಗೋಲೆಯಿಟ್ಟು, ನೀರು ತುಂಬುವುದಕ್ಕೆ ಸಿದ್ಧಳಾಗಿದ್ದರು. ಮೊಮ್ಮಗನಿಗೂ ತುಂಬುವ ಆಸೆ. ಅವನು ಪುಟ್ಟ ಚೆಂಬನ್ನು ಹಿಡಿದು ಒದ್ದೆ ಕಲ್ಲಿನ ಮೇಲೆ ನಿಂತು ಹಿತ್ತಾಳೆಯ ನಲ್ಲಿಗೆ ಕೈಹಾಕಿದನು. ಹಾಕಿದ ಕೈಯನ್ನು ಥಟ್ಟನೆ ಹಿಂದೆಗೆದುಕೊಂಡನು. ಚೆಂಬು ಉರುಳಿತು.

“ಅಜ್ಜೀ, ನಲ್ಲಿ ಕಚ್ಚತ್ತೆ!”

ಹೊರಗೆ ಕುಳಿತಿದ್ದ ಮೇಷ್ಟ್ರಿಗೆ ಆ ಮಾತು ಕೇಳಿತು. ಅವರು ಎದ್ದು ಬಚ್ಚಲಿಗೆ ಹೋಗಲಿಲ್ಲ. ನೇರವಾಗಿ ನಡುಮನೆಗೆ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದರು. ಮನೆ ಕತ್ತಲಾಯಿತು. ಆ ಕತ್ತಲಲ್ಲಿ ಮನೆಯಾಕೆ ಮೆಲ್ಲನೆ ಹೇಳಿದರು: “ನನಗೂ ಎಂಟು ದಿನದಿಂದ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ವಯಸ್ಸಾಯಿತಲ್ಲ, ನರ ಬಲಹೀನವಾಗಿರಬೇಕು ಅಂದುಕೊಂಡು ಸುಮ್ಮನಿದ್ದೆ.”

ಮೇಷ್ಟ್ರು ಉತ್ತರ ಕೊಡಲಿಲ್ಲ. ಓಮನ ನಿಯಮವನ್ನು ಕಪ್ಪುಹಲಗೆಯ ಮೇಲೆ ಅವರು ಎಷ್ಟು ಸಲ ಬರೆದಿದ್ದರೋ ಲೆಕ್ಕವಿರಲಿಲ್ಲ.

ಅವರ ಹಳೆಯ ಶಿಷ್ಯನೊಬ್ಬನು ಹಳೇಬೀಡಿನಲ್ಲಿ ವೈರಿಂಗ್ ಕೆಲಸ ಮಾಡಿಕೊಂಡಿದ್ದನು. ಬೇಲೂರು, ಹಳೇಬೀಡುಗಳಿಗೆ ದೇವಾಲಯ ನೋಡಬರುವ ಯಾತ್ರಿಕರು ತಂಗುವ ವಸತಿಗೃಹಗಳ ಗೀಸರುಗಳೆಲ್ಲ ಅವನ ಕೈಯಲ್ಲಿ ಹಾದುಹೋದವುಗಳೇ. ಫೋನು ಮಾಡಿದ ಗಂಟೆಯೊಳಗೆ ಅವನು ಮೋಟಾರು ಸೈಕಲ್ಲಿನಲ್ಲಿ ಬಂದನು. ಯಂತ್ರಕ್ಕೆ ಕೈಹಚ್ಚುವುದಕ್ಕೆ ಮುಂಚೆ, ವೈದ್ಯನು ರೋಗಿಯನ್ನು ಕೇಳುವಂತೆ, ಸ್ವಿಚ್ಚು ಬೀಳುತ್ತಿದ್ದುದು ಹಾಕಿದ ಕೂಡಲೆಯೋ, ನೀರು ಕಾದ ಮೇಲೆಯೋ, ಮಳೆ ಬಂದ ದಿನವೋ ಎಂದು ವಿಚಾರಿಸಿದನು. ಕಾದ ಮೇಲೆ ಎಂಬ ಉತ್ತರ ಬಂದಾಗ ತಲೆದೂಗಿದನು. ಎಲ್ಲರನ್ನೂ ಬಚ್ಚಲಿನಿಂದ ದೂರವಿರಿಸಿ, ಕ್ಷಣಕಾಲ ವಿದ್ಯುತ್ತನ್ನು ಕೊಟ್ಟು ಮೀಟರಿನಿಂದ ಅಳೆದನು. ನಲ್ಲಿಗೂ ಒದ್ದೆ ನೆಲಕ್ಕೂ ನಡುವೆ ಸುಮಾರು 40 ವೋಲ್ಟು ತೋರಿತು.

ಮೇನನ್ನು ಮತ್ತೆ ಇಳಿಸಿ ಅವನು ಮಾಡಿದ ಮೊದಲನೆಯ ಕೆಲಸವೆಂದರೆ ಹುಡುಗನು ಕಳಚಿದ್ದ ತಂತಿಗಳನ್ನು ಆರ್‌ಸಿಸಿಬಿಗೆ ಹಿಂದಿರುಗಿಸಿದ್ದು. ಗೀಸರಿನ ಪ್ಲಗ್ಗನ್ನು ಕಿತ್ತು ಮನೆಯ ಉಳಿದುದೆಲ್ಲವನ್ನೂ ಹಾಕಿದನು, ಸ್ವಿಚ್ಚು ನಿಂತಿತು. ಗೀಸರನ್ನು ಸೇರಿಸಿ ಕಾದನು. ಆರು ನಿಮಿಷಕ್ಕೆ ಬಿತ್ತು.

“ಸ್ವಿಚ್ಚು ಕೆಟ್ಟಿಲ್ಲ ಮೇಷ್ಟ್ರೇ. ತನ್ನ ಕೆಲಸ ತಾನು ಮಾಡ್ತಾ ಇದೆ” ಎಂದನು.

ಆ ಕೆಲಸವು ಯಾವುದೆಂಬುದನ್ನು ಮಗನಿಗೆ ಮೇಷ್ಟ್ರೇ ವಿವರಿಸಿದರು. ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಬೆಳಗ್ಗೆ ಮೇಯಲು ಹೋದ ದನಗಳೆಷ್ಟು, ಹಿಂದಿರುಗಿದವು ಎಷ್ಟು ಎಂದು ಎಣಿಸುವ ಯಜಮಾನನ ಹಾಗೆ, ಈ ಸ್ವಿಚ್ಚು ಒಂದು ತಂತಿಯಲ್ಲಿ ಹೋದ ಪ್ರವಾಹವನ್ನು ಇನ್ನೊಂದರಲ್ಲಿ ಹಿಂದಿರುಗಿದ ಪ್ರವಾಹದೊಡನೆ ಹೋಲಿಸುತ್ತದೆ. ಮನೆಗಳಲ್ಲಿ ಹಾಕುವ ಸಾಮಾನ್ಯವಾದ ಸ್ವಿಚ್ಚಿನಲ್ಲಿ ಈ ವ್ಯತ್ಯಾಸವು 30 ಮಿಲಿಯಾಂಪಿಯರಿಗೆ ಏರಿತೆಂದರೆ, ಎಲ್ಲಿಯೋ ಸೋರಿಕೆಯುಂಟೆಂದು ತಿಳಿದು ಕ್ಷಣಾರ್ಧದಲ್ಲಿ ಬಾಗಿಲನ್ನು ಮುಚ್ಚಿಬಿಡುತ್ತದೆ. ಪಕ್ಕದಲ್ಲಿರುವ ಎಂಸಿಬಿಯ ಕರ್ತವ್ಯವು ಬೇರೆ. 16 ಆಂಪಿಯರಿನ ಎಂಸಿಬಿ ತಂತಿಯು ಅತಿಭಾರದಿಂದ ಸುಡದಂತೆ ಕಾಯುತ್ತದೆ; ಅದರ ಐನೂರರಲ್ಲಿ ಒಂದು ಪಾಲಿನ ಸೋರಿಕೆ ಅದರ ಗಣನೆಗೇ ಬರುವುದಿಲ್ಲ. ಮನುಷ್ಯನ ಮೈಗಾದರೋ ಅದು ಅಲ್ಪವಲ್ಲ. ಒಂದು ಮಿಲಿಯಾಂಪಿಯರು ಜುಮ್ಮೆನ್ನಿಸುತ್ತದೆ. ಹತ್ತರ ಆಸುಪಾಸಿನಲ್ಲಿ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ಮೂವತ್ತನ್ನು ಮೀರಿ ಕೆಲಕಾಲ ಹರಿದರೆ ಹೃದಯದ ಬಡಿತವೇ ತಪ್ಪಬಹುದು. ಇಷ್ಟನ್ನು ಹೇಳುವಾಗ ಮೇಷ್ಟ್ರು ಮೊಮ್ಮಗನ ಕಡೆ ನೋಡಲಿಲ್ಲ.

ಶಿಷ್ಯನು ಮೇನನ್ನು ಇಳಿಸಿ, ಪ್ಲಗ್ಗನ್ನು ಕಿತ್ತು, ನೀರನ್ನು ಬಸಿದು ಗೀಸರಿನ ಮುಚ್ಚಳವನ್ನು ಬಿಚ್ಚಿದನು. 2000 ವಾಟಿನ ಎಲಿಮೆಂಟಿನ ಎರಡು ತುದಿಗಳ ನಡುವೆ ಸುಮಾರು 26 ಓಮು ಇರಬೇಕು, ಇದ್ದಿತು. ಆದುದರಿಂದಲೇ ನೀರು ಕಾಯುತ್ತಿದ್ದುದು. ಆದರೆ ತುದಿಗೂ ಹೊರಗಿನ ಲೋಹದ ಕವಚಕ್ಕೂ ನಡುವೆ ಮೆಗ್ಗರಿನಿಂದ 500 ವೋಲ್ಟು ಕೊಟ್ಟು ಅಳೆದಾಗ, ಮೆಗಓಮುಗಳಲ್ಲಿ ಇರಬೇಕಾದ ತಡೆ ಕೆಲವು ಸಾವಿರ ಓಮುಗಳಿಗೆ ಇಳಿದಿದ್ದಿತು. ಎಲಿಮೆಂಟನ್ನು ಹೊರಗೆ ತೆಗೆದರೆ, ಅದರ ಸುತ್ತ ಬೆರಳು ದಪ್ಪದ ಸುಣ್ಣದ ಹೊರೆ. ಬೋರ್‌ವೆಲ್ಲಿನ ಗಡಸು ನೀರು ಕಾದಂತೆಲ್ಲ ಅದರಲ್ಲಿ ಕರಗಿದ್ದ ಸುಣ್ಣವು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆ ಹೊರೆಯೊಳಗೆ ಕಾವು ಹೊರಗೆ ಹೋಗಲಾರದೆ ಕವಚವು ಬಿರಿದಿದ್ದಿತು. ಬಿರುಕಿನಿಂದ ನೀರು ಒಳಗಿನ ಬಿಳಿಯ ಪುಡಿಯನ್ನು ಸೇರಿದ್ದಿತು. ಬಿಸಿ ಏರಿದಂತೆ ಅದರ ತಡೆ ಮತ್ತಷ್ಟು ಕುಗ್ಗುತ್ತಿದ್ದಿತು.

“ಬೇಲೂರಲ್ಲಿ ಹೊಳೆ ನೀರು ಬರೋ ಮನೇಲಿ ಎಲಿಮೆಂಟು ಬಹಳ ಕಾಲ ಬಾಳತ್ತೆ ಮೇಷ್ಟ್ರೇ. ಇಲ್ಲಿ ಬೋರಿನ ನೀರಿಗೆ ವರ್ಷಕ್ಕೊಂದು ಸಲ ಬಿಚ್ಚಿ ಸುಣ್ಣ ಕೆರೆಸಬೇಕು” ಎಂದನು.

ಆದರೂ ಒಂದು ಪ್ರಶ್ನೆ ಉಳಿದಿದ್ದಿತು. ಸೋರಿದ ವಿದ್ಯುತ್ತನ್ನು ಹಸಿರು ತಂತಿಯು ಭೂಮಿಗೆ ಒಯ್ಯಬೇಕಾಗಿದ್ದಿತು. ಅದು ನಲ್ಲಿಗೆ ಬಂದದ್ದು ಹೇಗೆ? ಶಿಷ್ಯನು ದೀಪ ಹಿಡಿದು ಹಿತ್ತಲಿಗೆ ಹೋದನು. ಮೇಷ್ಟ್ರು ಮೂರು ವರ್ಷದ ಹಿಂದೆ ಹಿತ್ತಲನ್ನು ಸಿಮೆಂಟಿನಿಂದ ಮುಚ್ಚಿಸಿದ್ದರು. ಇದ್ದಿಲು ಉಪ್ಪು ತುಂಬಿ ಕೊಳವೆ ನೆಟ್ಟಿದ್ದ ಅರ್ತಿನ ಗುಂಡಿಯೂ ಅದರಡಿಯಲ್ಲಿ ಹೂತುಹೋಗಿದ್ದಿತು. ಮಳೆಯ ಹನಿಯೂ ಅಲ್ಲಿಗೆ ಇಳಿಯದೆ ಮಣ್ಣು ಒಣಗಿ, ತಂತಿಯನ್ನು ಬಿಗಿದಿದ್ದ ಹಿಡಿಕೆ ತುಕ್ಕು ಹಿಡಿದಿದ್ದಿತು. ಒಣಮಣ್ಣು ವಿದ್ಯುತ್ತಿಗೆ ದಾರಿ ಬಿಡುವುದಿಲ್ಲ. ಮನೆಗೆ ಇಬ್ಬರು ಕಾವಲುಗಾರರಿದ್ದರು. ಒಬ್ಬನ ಮೇಲೆ ಸಿಮೆಂಟು ಬಳಿದಾಗಿದ್ದಿತು, ಇನ್ನೊಬ್ಬನನ್ನು ಕೂಗುತ್ತಾನೆಂಬ ಕಾರಣಕ್ಕಾಗಿಯೇ ಹೊರಗಟ್ಟಿದ್ದಾಗಿದ್ದಿತು.

ಹಬ್ಬ ಮುಗಿಯುವವರೆಗೆ ಗೀಸರನ್ನು ಮುಟ್ಟಬಾರದೆಂದು ಹೇಳಿ ಶಿಷ್ಯನು ಹೊರಟನು. ಮಾರನೆಯ ಬೆಳಗಿನ ಜಾವ ಮನೆಯಾಕೆ ಹಂಡೆಯ ಒಲೆಗೆ ತೆಂಗಿನ ಗರಿ ತುರುಕಿ ಬೆಂಕಿ ಮಾಡಿದರು. ಬಚ್ಚಲು ಹೊಗೆಯಿಂದ ತುಂಬಿತು. ಮೊಮ್ಮಗನು ಕಣ್ಣು ತಿಕ್ಕಿಕೊಂಡು ಅಳುತ್ತಲೇ ಎಣ್ಣೆ ನೀರು ಹಾಕಿಸಿಕೊಂಡನು.

ಎರಡು ದಿನದ ಮೇಲೆ ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಫೋನಿನಲ್ಲಿ ಈ ಕಥೆಯನ್ನೆಲ್ಲ ಕೇಳಿದಳು. ಅವರ ಮನೆಯ ಹಿತ್ತಲಿನಲ್ಲಿ ನಾಲ್ಕು ಜನ ಕುಳಿತು ಮೀಯುವ ಬಿಸಿನೀರಿನ ತೊಟ್ಟಿಯೊಂದುಂಟು. ಅದರ ಸ್ವಿಚ್ಚೂ ಹಿಂದಿನ ಚಳಿಗಾಲದಲ್ಲಿ ಹೀಗೆಯೇ ಬೀಳುತ್ತಿದ್ದು, ಕೊನೆಗೆ ಸಿಕ್ಕಿದ್ದು ಬಿರಿದ ಎಲಿಮೆಂಟೇ ಎಂದಳು. ಆ ದೇಶದಲ್ಲಿ ಈ ಸ್ವಿಚ್ಚು 5 ಮಿಲಿಯಾಂಪಿಯರಿನ ಸುಮಾರಿಗೇ ಬೀಳುತ್ತದೆ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯೆಲ್ ಎಂಬವರು, ಮನುಷ್ಯನು ಎಷ್ಟು ಪ್ರವಾಹದವರೆಗೆ ಹಿಡಿದ ಕೈಯನ್ನು ಬಿಡಬಲ್ಲನೆಂಬುದನ್ನು ಸ್ವಯಂಸೇವಕರ ಮೇಲೆ ಅಳೆದು, 1961ರಲ್ಲಿ ಅಲ್ಲಿಯ ಸ್ವಿಚ್ಚನ್ನು ರೂಪಿಸಿದರು. 1968ರಲ್ಲಿ ಈಜುಕೊಳದ ನೀರಿನೊಳಗಿನ ದೀಪಗಳಿಗೆ ಅದನ್ನು ಅಲ್ಲಿಯ ವಿದ್ಯುತ್ ನಿಯಮಾವಳಿಯಲ್ಲಿ ಸೇರಿಸಲಾಯಿತು. “ನಿಮ್ಮಲ್ಲಿ ಯಾರೂ ಅದನ್ನು ತಪ್ಪಿಸಿ ಜೋಡಿಸಲಿಲ್ಲವೇ?” ಎಂದು ಮೇಷ್ಟ್ರು ಕೇಳಿದರು. “ಇವರು ಹೊರಟಿದ್ದರು ಅಪ್ಪ, ನಾನು ಬಿಡಲಿಲ್ಲ” ಎಂದಳು ಮಗಳು.

ಮುಂದಿನ ವಾರ ಹಿತ್ತಲಿನ ಸಿಮೆಂಟು ಒಡೆಯಿತು. ಗುಂಡಿಗೆ ಹೊಸ ಇದ್ದಿಲು ಉಪ್ಪು ಬಿದ್ದಿತು, ಹಿಡಿಕೆ ಬದಲಾಯಿತು, ವಾರಕ್ಕೊಂದು ಕೊಡ ನೀರು ಹೊಯ್ಯಲು ಬಾಯಿ ತೆರೆದಿಟ್ಟರು. ಹೊಸ ಎಲಿಮೆಂಟು ಕೂತ ಮೇಲೆ, ನಲ್ಲಿಯಲ್ಲಿ ನೀರು ಧಾರೆಯಾಗಿ ಬರುವವರೆಗೆ ತುಂಬಿಸಿ, ಆ ಬಳಿಕವೇ ಶಿಷ್ಯನು ವಿದ್ಯುತ್ತನ್ನು ಕೊಟ್ಟನು. ಗಂಟೆಯಾದರೂ ಸ್ವಿಚ್ಚು ಬೀಳಲಿಲ್ಲ. ಹೊರಡುವಾಗ ಆರ್‌ಸಿಸಿಬಿಯ ಮೇಲೆ ಟಿ ಎಂದು ಬರೆದಿದ್ದ ಸಣ್ಣ ಗುಂಡಿಯನ್ನು ತೋರಿಸಿ, ತಿಂಗಳಿಗೊಮ್ಮೆ ಅದನ್ನು ಒತ್ತಬೇಕು, ಒತ್ತಿದಾಗ ಸ್ವಿಚ್ಚು ಬೀಳದಿದ್ದರೆ ಮಾತ್ರ ಅದು ಕೆಟ್ಟಿದೆಯೆಂದು ತಿಳಿಯಬೇಕು ಎಂದನು. ಮೇಷ್ಟ್ರು ಶಿಷ್ಯನ ಮುಂದೆ ನಿಂತು, ಕ್ಲಾಸಿನ ಹುಡುಗನಂತೆ, ಅದನ್ನು ಒಮ್ಮೆ ಒತ್ತಿ ತೋರಿಸಿದರು.

ಅಂದಿನಿಂದ ಪ್ರತಿ ತಿಂಗಳ ಮೊದಲನೆಯ ದಿನ, ಕಾಫಿ ಕುಡಿದ ಮೇಲೆ, ಅವರು ನಡುಮನೆಯ ಪೆಟ್ಟಿಗೆಯ ಬಳಿಗೆ ಹೋಗುತ್ತಾರೆ. ಮನೆಯ ದೀಪಗಳೆಲ್ಲ ಒಮ್ಮೆಗೇ ಆರುತ್ತವೆ. ಒಳಗೆ ಮಿಕ್ಸಿ ನಿಂತುಹೋಗುತ್ತದೆ.

“ಇವತ್ತು ಒಂದನೇ ತಾರೀಖೇ?” ಎಂದು ಅಡಿಗೆಮನೆಯಿಂದ ಧ್ವನಿ ಬರುತ್ತದೆ.

“ಹೌದು” ಎಂದು ಮೇಷ್ಟ್ರು ಸ್ವಿಚ್ಚನ್ನು ಮೇಲಕ್ಕೆತ್ತುತ್ತಾರೆ.